ಗಾಯದ ಲೆಕ್ಕಕ್ಕೆ ಗಂಟೆಯ ಲೆಕ್ಕ

ಕಾರ್ಖಾನೆಯೊಂದರಲ್ಲಿ ವರ್ಷಕ್ಕೆ ಏಳು ಮಂದಿ ಗಾಯಗೊಂಡರೆಂದು ಕೇಳಿದೊಡನೆ ಅದು ಹೆಚ್ಚೋ ಕಡಿಮೆಯೋ ಎಂದು ಹೇಳಲಾಗದು. ಅಲ್ಲಿ ದುಡಿದವರೆಷ್ಟು, ಎಷ್ಟು ಹೊತ್ತು ದುಡಿದರು ಎಂಬುದು ತಿಳಿಯಬೇಕು. 1983ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 3786ರಂತೆ, ಕಾರ್ಮಿಕನನ್ನು ಕೆಲಸದಿಂದ ದೂರವಿರಿಸಿದ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ದುಡಿದ ಒಟ್ಟು ಗಂಟೆಗಳಿಂದ ಭಾಗಿಸಿದರೆ ಅಪಘಾತದ ಆವರ್ತನ ದರ ದೊರೆಯುತ್ತದೆ. ಅಮೆರಿಕದಲ್ಲಿ ಗುಣಿಸುವುದು ಎರಡು ಲಕ್ಷದಿಂದ; ಅದು ನೂರು ಮಂದಿ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದುದರ ಮೊತ್ತ.

ತೊಡಕಿರುವುದು ಈ ಗಂಟೆಗಳಲ್ಲಿಯೇ. ಸಂಬಳ ಕೊಟ್ಟ ಗಂಟೆ ಬೇರೆ, ದುಡಿದ ಗಂಟೆ ಬೇರೆ. ಉದಾಹರಣೆಗೆ, 150 ಮಂದಿ ಕಾಯಂ ಕಾರ್ಮಿಕರಿಗೆ ದಿನಕ್ಕೆ 8 ಗಂಟೆಯಂತೆ 300 ದಿನಗಳ ಸಂಬಳ ಸಂದಿದೆಯೆನ್ನೋಣ. ಮೊತ್ತ 3,60,000 ಗಂಟೆ. ಇದರಲ್ಲಿ ತಲಾ 20 ದಿನ ಸಂಬಳಸಹಿತ ರಜೆಯಿದ್ದರೆ 24,000 ಗಂಟೆಗಳನ್ನು ಕಳೆಯಬೇಕು. ರಜೆಯಲ್ಲಿ ಮನೆಯಲ್ಲಿದ್ದವನ ಕೈ ಯಂತ್ರಕ್ಕೆ ಸಿಕ್ಕುವುದಿಲ್ಲವಷ್ಟೆ! ಓವರ್‌ಟೈಮಿನ 14,000 ಗಂಟೆಗಳನ್ನು ಮಾತ್ರ ತಪ್ಪದೆ ಕೂಡಿಸಬೇಕು. ದಣಿದ ದೇಹಕ್ಕೆ ಅಪಾಯ ಹತ್ತಿರ. ಕೊನೆಗೆ ಉಳಿಯುವುದು 3,50,000. ಏಳು ಗಾಯಗಳಾಗಿದ್ದರೆ ದರ 20. ಗಡಿಯಾರದ ಕಾರ್ಡಾಗಲಿ ಓವರ್‌ಟೈಮ್ ಪುಸ್ತಕವಾಗಲಿ ಇಲ್ಲದೆಡೆ, ಪ್ರತಿದಿನದ ಹಾಜರಿಯನ್ನು ಕೂಡಿಸಿ ಪಾಳಿಯ ಗಂಟೆಗಳಿಂದ ಗುಣಿಸುವ ಅಂದಾಜು ಸಾಕಾಗುತ್ತದೆ, ಅಂದಾಜೆಂಬುದನ್ನು ಬರೆದಿಡಬೇಕು.

ಇನ್ನು ಗುತ್ತಿಗೆ ಕಾರ್ಮಿಕರು. ಅದೇ ಕಾರ್ಖಾನೆಯಲ್ಲಿ ಅಂಥ 50 ಮಂದಿ 200 ದಿನ ದುಡಿದಿದ್ದರೆ ಅವರ ಪಾಲು 80,000 ಗಂಟೆ. ಅವರಲ್ಲಿ ನಾಲ್ವರಿಗೆ ಗಾಯವಾಗಿದ್ದರೆ ದರ 50, ಅಂದರೆ ಕಾಯಂ ಕಾರ್ಮಿಕರ ಎರಡೂವರೆ ಪಟ್ಟು. ಗಂಟೆಗಳನ್ನು ಸೇರಿಸಿ ಗಾಯಗಳನ್ನು ಬಿಟ್ಟರೆ ದರ ಸುಮಾರು 16ಕ್ಕೆ ಇಳಿದು ಸುರಕ್ಷತೆಯ ಫಲಕ ಅಂದವಾಗಿ ಕಾಣುತ್ತದೆ. ಎರಡನ್ನೂ ಸೇರಿಸಿದರೆ 25.6. ಎರಡು ಗುಂಪುಗಳ ದರವನ್ನು ಬೇರೆಬೇರೆಯಾಗಿಯೂ ತೋರಿಸುವುದೇ ಪ್ರಾಮಾಣಿಕ ಕ್ರಮವೆಂದು ನನ್ನ ಮತ. ನಮ್ಮ ಸದಸ್ಯರಲ್ಲಿ ಕಾರ್ಖಾನೆಯ ಸುರಕ್ಷತಾ ಸಮಿತಿಯಲ್ಲಿರುವವರು ಗುತ್ತಿಗೆದಾರನ ಹಾಜರಿ ಪುಸ್ತಕವನ್ನೂ ಪ್ರಥಮ ಚಿಕಿತ್ಸೆಯ ದಾಖಲೆಯನ್ನೂ ಒಟ್ಟಿಗೆ ತರಿಸಿ ನೋಡಬೇಕು.

ರೋಗಗಳ ಮಾತು ಬೇರೆ. ಕಲ್ಲುಧೂಳಿನ ಸಿಲಿಕೋಸಿಸ್, ಮಗ್ಗದ ಸದ್ದಿಗೆ ಕುಂದುವ ಕಿವಿ, ಇವು ವರ್ಷಗಟ್ಟಲೆ ಒಳಗೇ ಬೆಳೆದು, ಎಷ್ಟೋ ವೇಳೆ ಕಾರ್ಮಿಕನು ನಿವೃತ್ತನಾಗಿ ಊರು ಸೇರಿದ ಮೇಲೆ ಹೊರಬೀಳುತ್ತವೆ. ಆ ವರ್ಷದ ಹಾಜರಿ ಪುಸ್ತಕದಲ್ಲಿ ಆತನ ಹೆಸರೇ ಇರುವುದಿಲ್ಲ.