ಕಾಡಿನ ತೀರದ ಹಾದಿ: ಸುಪೀರಿಯರ್ ಸರೋವರದ ಅಂಚಿನಲ್ಲಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಬೇಸಿಗೆ ರಜೆ ಬಂತೆಂದರೆ ‘ಉತ್ತರ ತೀರ’ಕ್ಕೆ ಹೋಗಿಬರುವುದು ಒಂದು ವಾಡಿಕೆ. ನಮ್ಮಲ್ಲಿ ಪರೀಕ್ಷೆ ಮುಗಿದೊಡನೆ ಮಕ್ಕಳನ್ನು ಕಟ್ಟಿಕೊಂಡು ಅಜ್ಜನ ಮನೆಗೆ ಹೊರಡುವಂತೆ, ಅಲ್ಲಿನ ಸಂಸಾರಗಳು ಕಾರಿನ ಹಿಂಬದಿಗೆ ಡೇರೆ, ಕಂಬಳಿ, ತಿಂಡಿಯ ಡಬ್ಬಿಗಳನ್ನು ತುಂಬಿಕೊಂಡು ಡುಲುತ್ ಪಟ್ಟಣದ ದಾರಿ ಹಿಡಿಯುತ್ತವೆ. ಅಲ್ಲಿಂದ ಕೆನಡಾ ಗಡಿಯವರೆಗೆ ಸುಮಾರು 240 ಕಿ.ಮೀ. ಉದ್ದಕ್ಕೆ ಹೆದ್ದಾರಿ 61 ಸುಪೀರಿಯರ್ ಸರೋವರದ ಅಂಚನ್ನೇ ಹಿಡಿದು ಸಾಗುತ್ತದೆ. ಬಲಕ್ಕೆ ಕಣ್ಣು ಹಾಯುವಷ್ಟು ದೂರ ನೀರು, ಎಡಕ್ಕೆ ಮುಗಿಯದ ಕಾಡು. ನಡುನಡುವೆ ಕಪ್ಪು ಬಂಡೆಗಳನ್ನು ಸೀಳಿಕೊಂಡು ಸರೋವರಕ್ಕೆ ಧುಮುಕುವ ಚಿಕ್ಕ ಚಿಕ್ಕ ನದಿಗಳು.

ಮಿನಿಯಾಪೊಲಿಸ್‌ನಲ್ಲಿ ನೆಲೆಸಿರುವ ತಮ್ಮನ ಸಂಸಾರದೊಂದಿಗೆ ಒಮ್ಮೆ ಈ ದಾರಿಯಲ್ಲಿ ಹೋಗುವ ಅವಕಾಶ ನನಗೂ ಒದಗಿತ್ತು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅವನ ಎಂಟು ವರ್ಷದ ಮಗಳು, “ದೊಡ್ಡಪ್ಪಾ, ಈ ಕಾಡು ಯಾವಾಗಿನಿಂದ ಇದೆ?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ತಮ್ಮ, “ಮೊದಲಿನಿಂದಲೂ ಇದೆ ಪುಟ್ಟಿ. ಇಲ್ಲಿ ಯಾರು ಕಡಿಯಲು ಬರುತ್ತಾರೆ?” ಎಂದ. ನನಗೂ ಆಗ ಹಾಗೆಯೇ ಅನ್ನಿಸಿತ್ತು. ಆದರೆ ದಾರಿಯ ಬದಿಯ ಫಲಕಗಳನ್ನು ಓದುತ್ತ ಹೋದಂತೆ, ಆಮೇಲೆ ಪುಸ್ತಕಗಳನ್ನು ತಿರುವಿದಂತೆ, ಆ ಉತ್ತರ ಪೂರ್ತಿ ತಪ್ಪೆಂದು ತಿಳಿಯಿತು. ಮನುಷ್ಯನ ಕೈ ಸೋಕಿಲ್ಲವೆಂದು ನಾವು ಬೆರಗುಪಡುವ ಆ ತೀರ ಒಮ್ಮೆ ಬೋಳಾಗಿ, ಹೊಲಸಾಗಿ, ಮತ್ತೆ ಚೇತರಿಸಿಕೊಂಡ ತೀರ.

ಮೊದಲು ಸರೋವರದ ವಿಚಾರ. ವಿಸ್ತೀರ್ಣದಲ್ಲಿ ಇದು ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಸುಮಾರು 82,100 ಚದರ ಕಿ.ಮೀ. ಎಂದರೆ ಕರ್ನಾಟಕದ ಐದನೇ ಎರಡು ಪಾಲಿಗಿಂತಲೂ ಹೆಚ್ಚು. ಅತಿ ಆಳದ ಕಡೆ 406 ಮೀಟರ್. ಆ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ‘ಗಿಚಿಗಾಮಿ’, ಅಂದರೆ ಮಹಾಜಲ ಎನ್ನುತ್ತಾರೆ. ಜುಲೈ ತಿಂಗಳಲ್ಲೂ ಕಾಲಿಟ್ಟರೆ ಪಾದ ಮರಗಟ್ಟುವಷ್ಟು ತಣ್ಣನೆಯ ನೀರು. ಈ ಸರೋವರದ ಇನ್ನೊಂದು ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ಹೊರಹೋಗುವ ದಾರಿ ಕಿರಿದು, ಒಳಗಿರುವ ನೀರು ಅಪಾರ. ಹೀಗಾಗಿ ಇಲ್ಲಿಗೆ ಬಂದ ನೀರು ಮುಂದಿನ ಸರೋವರಕ್ಕೆ ಸಾಗಲು ಸರಾಸರಿ 190 ವರ್ಷ ಬೇಕು. ಇಲ್ಲಿ ಇಂದು ಬೆರೆಸಿದ್ದನ್ನು ಮೊಮ್ಮಕ್ಕಳ ಮೊಮ್ಮಕ್ಕಳೂ ಕಂಡಾರು.

ಈಗ ಕಾಡಿನ ಪ್ರಶ್ನೆ. 1854ರಲ್ಲಿ ಲಾ ಪಾಯಿಂಟ್ ಎಂಬಲ್ಲಿ ಆದ ಒಪ್ಪಂದದಲ್ಲಿ ಒಜಿಬ್ವೆ ಜನ ಈ ತೀರದ ನೆಲವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ತಮಗೆಂದು ಕೆಲವು ಮೀಸಲು ಪ್ರದೇಶಗಳನ್ನೂ, ಬಿಟ್ಟುಕೊಟ್ಟ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನೂ ಉಳಿಸಿಕೊಂಡರು. ಆಮೇಲೆ ಬಂದವರು ಮರದ ವ್ಯಾಪಾರಿಗಳು. 19ನೇ ಶತಮಾನದ ಕೊನೆಯಿಂದ 1920ರ ದಶಕದವರೆಗೆ, ನೂರಾರು ವರ್ಷ ಬಾಳಿದ್ದ ಬಿಳಿ ಪೈನ್ ಮರಗಳು ಕೊಡಲಿ ಗರಗಸಗಳಿಗೆ ಬಲಿಯಾದವು. ಬೆಳೆಯುತ್ತಿದ್ದ ನಗರಗಳ ಮನೆಗಳಿಗೆ ಹಲಗೆಗಳಾದವು. ಕಡಿದು ಬಿಟ್ಟ ರೆಂಬೆಕೊಂಬೆಗಳು ಒಣಗಿ, ಅವುಗಳಿಗೆ ಬೆಂಕಿ ಬಿದ್ದು, ಅಳಿದುಳಿದದ್ದೂ ಸುಟ್ಟಿತು.

ಸುಟ್ಟ ನೆಲದಲ್ಲಿ ಮೊದಲು ತಲೆಯೆತ್ತಿದವು ಬರ್ಚ್ ಮತ್ತು ಆಸ್ಪೆನ್ ಮರಗಳು. ಬರ್ಚ್ ಎಂದರೆ ನಮ್ಮ ಹಳೆಯ ಹಸ್ತಪ್ರತಿಗಳ ಭೂರ್ಜಪತ್ರದ ಜಾತಿಯದೇ ಮರ. ಅದರ ಬಿಳಿ ತೊಗಟೆಯಿಂದ ಒಜಿಬ್ವೆ ಜನ ಹಗುರವಾದ ದೋಣಿಗಳನ್ನು ಕಟ್ಟುತ್ತಿದ್ದರು. ಇಂದು ಪ್ರವಾಸಿಗರು ಕ್ಯಾಮೆರಾ ಹಿಡಿದು ಮೆಚ್ಚುವ ಬಿಳಿ ಕಾಂಡಗಳ ತೋಪುಗಳು ಹೀಗೆ ವಿನಾಶದ ಬೆನ್ನಿಗೆ ಬಂದ ಎರಡನೆಯ ಕಾಡು. ಬರ್ಚ್ ಮರಕ್ಕೆ ಆಯುಷ್ಯ ಕಡಿಮೆ. ನೂರು ವರ್ಷ ದಾಟುವುದು ಅಪರೂಪ. ಒಂದೇ ಕಾಲಕ್ಕೆ ಹುಟ್ಟಿದ ಮರಗಳು ಈಗ ಒಂದೇ ಕಾಲಕ್ಕೆ ಮುಪ್ಪಾಗಿ ಸಾಯುತ್ತಿವೆ. ಅವುಗಳ ಜಾಗದಲ್ಲಿ ಪೈನ್ ಸಸಿ ಏಳಲು ಜಿಂಕೆಗಳು ಬಿಡುವುದಿಲ್ಲ. ಕಾಡು ಕಡಿದ ಮೇಲೆ ಎಳೆ ಚಿಗುರು ಹೆಚ್ಚಿ, ಜಿಂಕೆಗಳೂ ಹೆಚ್ಚಿದವು. ಚಳಿಗಾಲದಲ್ಲಿ ಅವು ಸಸಿಯ ತುದಿಯನ್ನೇ ಚಿವುಟಿ ತಿನ್ನುತ್ತವೆ. ಆದ್ದರಿಂದ ಪ್ರತಿ ಶರತ್ಕಾಲ ಸ್ವಯಂಸೇವಕರು ಕಾಡಿಗೆ ಹೋಗಿ, ಒಂದೊಂದು ಪೈನ್ ಸಸಿಯ ತುದಿಮೊಗ್ಗಿಗೂ ಚಿಕ್ಕದೊಂದು ಕಾಗದದ ಟೋಪಿ ತೊಡಿಸಿ ಬರುತ್ತಾರೆ. ‘ತಾನೇ ಬೆಳೆದ ಕಾಡು’ ಎನ್ನುವಾಗ ಈ ಕಾಗದದ ಟೋಪಿಗಳನ್ನು ಮರೆಯುವಂತಿಲ್ಲ.

ಡುಲುತ್ ಬಿಟ್ಟು ಸುಮಾರು 65 ಕಿ.ಮೀ. ಸಾಗಿದರೆ ಗೂಸ್‌ಬೆರಿ ಜಲಪಾತ ಸಿಗುತ್ತದೆ. ಮಕ್ಕಳು ನೀರಾಟಕ್ಕೆ ಇಳಿಯುವ ಮೊದಲ ನಿಲ್ದಾಣ ಇದೇ. ಅಲ್ಲಿನ ಕಲ್ಲುಗೋಡೆಗಳು, ದಿಮ್ಮಿಗಳ ಕಟ್ಟಡಗಳು ಬಂಡೆಯಿಂದಲೇ ಮೂಡಿ ಬಂದಂತಿವೆ. ಇವುಗಳನ್ನು ಕಟ್ಟಿದವರು ಕೆಲಸವಿಲ್ಲದ ಹುಡುಗರು. 1929ರ ಆರ್ಥಿಕ ಕುಸಿತದ ನಂತರ ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ನಿರುದ್ಯೋಗಿ ಯುವಕರಿಗಾಗಿ ಒಂದು ಅರಣ್ಯ ಸೇವಾ ದಳವನ್ನು ಆರಂಭಿಸಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಗೂಸ್‌ಬೆರಿಯಲ್ಲಿ ಈ ಹುಡುಗರು 1934ರಿಂದ 1941ರವರೆಗೆ ಶಿಬಿರ ಹಾಕಿ ಕಲ್ಲು ಕಡೆದರು, ದಾರಿ ಮಾಡಿದರು, ಗಿಡ ನೆಟ್ಟರು. ಇಂದಿನ ಸಂಸಾರಗಳು ಬುತ್ತಿ ಬಿಚ್ಚಿ ಕೂರುವ ಜಾಗಗಳ ಹಿಂದೆ ಅಂದು ಹಸಿದ ಮನೆಗಳಿಗೆ ಹೋದ ಆ 25 ಡಾಲರುಗಳಿವೆ.

ಇನ್ನಷ್ಟು ಮುಂದೆ, ಸುಮಾರು 40 ಮೀಟರ್ ಎತ್ತರದ ಕಡಿಬಂಡೆಯ ತುದಿಯಲ್ಲಿ ಸ್ಪ್ಲಿಟ್ ರಾಕ್ ದೀಪಸ್ತಂಭ ನಿಂತಿದೆ. 1905ರ ನವೆಂಬರ್ 28ರಂದು ಎದ್ದ ಬಿರುಗಾಳಿಗೆ ಸರೋವರದಲ್ಲಿ ಹಡಗುಗಳು ಸಾಲಾಗಿ ಸಿಕ್ಕಿಬಿದ್ದವು. ‘ಮಟಾಫಾ’ ಎಂಬ ಹಡಗು ಡುಲುತ್ ಬಂದರಿನ ಬಾಯಲ್ಲೇ ಒಡೆಯಿತು. ದಡದಲ್ಲಿ ನೆರೆದ ಜನ ನೋಡುತ್ತಿದ್ದಂತೆ ಒಂಬತ್ತು ಮಂದಿ ನಾವಿಕರು ಅದರಲ್ಲೇ ಸತ್ತರು. ಆ ದುರಂತದ ಫಲವಾಗಿ 1910ರಲ್ಲಿ ಈ ದೀಪ ಬೆಳಗಿತು. ಆಗ ಇಲ್ಲಿಗೆ ರಸ್ತೆಯೇ ಇರಲಿಲ್ಲ. ಇಟ್ಟಿಗೆ, ಕಬ್ಬಿಣ ಎಲ್ಲವೂ ಹಡಗಿನಲ್ಲಿ ಬಂದು, ಬಂಡೆಯ ಮೇಲಿನ ಎತ್ತುಯಂತ್ರದಿಂದ ನೀರಿನ ಕಡೆಯಿಂದಲೇ ಮೇಲೇರಿದವು. 1969ರಲ್ಲಿ ದೀಪದ ಕೆಲಸ ಮುಗಿಯಿತು. ಆದರೂ ಪ್ರತಿ ವರ್ಷ ನವೆಂಬರ್ 10ರಂದು ಅದನ್ನು ಹೊತ್ತಿಸುತ್ತಾರೆ. 1975ರ ಆ ದಿನ ‘ಎಡ್ಮಂಡ್ ಫಿಟ್ಸ್‌ಜೆರಾಲ್ಡ್’ ಎಂಬ ಅದಿರಿನ ಹಡಗು ಸರೋವರದ ಇನ್ನೊಂದು ತುದಿಯಲ್ಲಿ ಮುಳುಗಿ, ಅದರಲ್ಲಿದ್ದ 29 ಮಂದಿಯೂ ತೀರಿಕೊಂಡರು. ಅವರ ಹೆಸರುಗಳನ್ನು ಅಂದು ಓದುತ್ತಾರೆ.

ರಸ್ತೆ ಬಂದದ್ದು 1920ರ ದಶಕದ ನಡುವಿನಲ್ಲಿ. ಅದಕ್ಕೆ ಮೊದಲು ತೀರದ ನಾರ್ವೆ ಮೂಲದ ಮೀನುಗಾರರಿಗೆ ‘ಅಮೆರಿಕ’ ಎಂಬ ಹಬೆ ಹಡಗೇ ಆಸರೆ. ಅಂಚೆ, ದಿನಸಿ ತಂದುಕೊಟ್ಟು ಮೀನು ತುಂಬಿಕೊಂಡು ಹೋಗುತ್ತಿದ್ದ ಆ ಹಡಗು 1928ರಲ್ಲಿ ಮುಳುಗಿತು. ಅಷ್ಟರಲ್ಲಿ ರಸ್ತೆ ಬಂದು, ಕಾರುಗಳೂ ಬರತೊಡಗಿದ್ದವು. ಮೀನುಗಾರರ ಮನೆಯವರು ಅಂಗಳದಲ್ಲಿ ಮರದ ಚಿಕ್ಕ ಬಿಡಾರಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಹೊಗೆಯಲ್ಲಿ ಒಣಗಿಸಿದ ಮೀನು ಮಾರಿದರು. 1950ರ ದಶಕದಲ್ಲಿ ಕಾಲುವೆಗಳ ಮೂಲಕ ನುಸುಳಿದ ಲ್ಯಾಂಪ್ರೇ ಎಂಬ ರಕ್ತಹೀರುವ ಹಾವಿನಾಕಾರದ ಜಲಚರ ಟ್ರೌಟ್ ಮೀನಿನ ಸಂತತಿಯನ್ನೇ ಉರುಳಿಸಿತು. ಆಗ ಎಷ್ಟೋ ಮನೆಗಳನ್ನು ಕಾಪಾಡಿದ್ದು ಈ ಬಿಡಾರಗಳು. ಲ್ಯಾಂಪ್ರೇ ಮರಿಗಳನ್ನಷ್ಟೇ ಕೊಲ್ಲುವ ಔಷಧವನ್ನು ಹೊಳೆಗಳಿಗೆ ಬಿಡುವ ಕೆಲಸ 1958ರಲ್ಲಿ ಆರಂಭವಾಗಿ ಇಂದಿಗೂ ನಿಂತಿಲ್ಲ. ಟ್ರೌಟ್ ಮತ್ತೆ ಹೆಚ್ಚಿದ್ದು ಅದರಿಂದ.

ಸ್ಪ್ಲಿಟ್ ರಾಕ್ ದಾಟಿದ ಸ್ವಲ್ಪ ಹೊತ್ತಿಗೆ ಕಾಡಿನ ನಡುವೆ ದೊಡ್ಡದೊಂದು ಕಾರ್ಖಾನೆ ಕಾಣುತ್ತದೆ. ಊರು ಸಿಲ್ವರ್ ಬೇ. ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಆದರೆ ಈ ತೀರದ ಕಥೆಯ ತಿರುಳು ಇರುವುದು ಇಲ್ಲಿ. ಟ್ಯಾಕೊನೈಟ್ ಎಂಬ ಕೆಳದರ್ಜೆಯ ಅದಿರನ್ನು ನುಣ್ಣಗೆ ಅರೆದು, ಆಯಸ್ಕಾಂತದಿಂದ ಕಬ್ಬಿಣದ ಅಂಶವನ್ನು ಎಳೆದು ಉಂಡೆ ಕಟ್ಟುವ ವಿಧಾನವನ್ನು ಮಿನ್ನೆಸೋಟ ವಿಶ್ವವಿದ್ಯಾಲಯದ ಎಡ್ವರ್ಡ್ ಡೇವಿಸ್ ದಶಕಗಳ ಕಾಲ ದುಡಿದು ರೂಪಿಸಿದರು. ರಿಸರ್ವ್ ಮೈನಿಂಗ್ ಕಂಪನಿ 1950ರ ದಶಕದ ನಡುವಿನಲ್ಲಿ ಇಲ್ಲಿ ಕಾರ್ಖಾನೆ ಆರಂಭಿಸಿತು. ಸಾವಿರಾರು ಜನರಿಗೆ ಅನ್ನ ಸಿಕ್ಕಿತು. ಉಳಿದ ಪುಡಿಯನ್ನು ಸರೋವರಕ್ಕೆ ಸುರಿಯಲಾಯಿತು, ದಿನಕ್ಕೆ ಸುಮಾರು 67,000 ಟನ್. ಆಳವಾದ ಸರೋವರ, ತಳಕ್ಕೆ ಹೋಗಿ ಕೂರುತ್ತದೆ ಎಂಬುದು ಲೆಕ್ಕಾಚಾರ.

1973ರಲ್ಲಿ ಡುಲುತ್ ನಗರದ ಕುಡಿಯುವ ನೀರಿನಲ್ಲಿ ಕಲ್ನಾರಿನಂತಹ ಎಳೆಗಳಿವೆಯೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿತು. ಸರೋವರದ ನೀರನ್ನು ಸೋಸದೆಯೇ ಕುಡಿಯುತ್ತಿದ್ದ ಊರು ಅದು. 1974ರ ಏಪ್ರಿಲ್‌ನಲ್ಲಿ ನ್ಯಾಯಾಧೀಶ ಮೈಲ್ಸ್ ಲಾರ್ಡ್ ಕಾರ್ಖಾನೆ ಮುಚ್ಚಲು ಆದೇಶಿಸಿದರು. ಮೇಲಿನ ನ್ಯಾಯಾಲಯ ಎರಡೇ ದಿನಗಳಲ್ಲಿ ಅದಕ್ಕೆ ತಡೆ ಕೊಟ್ಟಿತು. ಹಾನಿಯಾಗಿದೆ ಎಂಬುದು ಸಾಬೀತಾಗದಿದ್ದರೂ ಹಾನಿಯ ಸಂಭವವನ್ನು ಕಡೆಗಣಿಸಲಾಗದು, ಆದರೆ ಕಂಪನಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಕಾಲ ಕೊಡಬೇಕು ಎಂಬುದು ಅದರ ನಿಲುವು. ಕೊನೆಗೆ 1980ರಲ್ಲಿ ನೀರಿಗೆ ಸುರಿಯುವುದು ನಿಂತು, ಪುಡಿ ನೆಲದ ಮೇಲಿನ ಕಟ್ಟೆಗೆ ಹೋಗತೊಡಗಿತು. ಡುಲುತ್ ಅಷ್ಟರೊಳಗೆ ಶೋಧಕ ಘಟಕ ಕಟ್ಟಿಕೊಂಡಿತ್ತು. ಸರೋವರದ ತಳದಲ್ಲಿ ಕೂತ ಪುಡಿ ಮಾತ್ರ ಅಲ್ಲೇ ಇದೆ.

ನಮ್ಮವರಿಗೆ ಈ ಕಥೆ ಹೊಸದಲ್ಲ. ಕುದುರೆಮುಖದಲ್ಲಿಯೂ ಇದೇ ಬಗೆಯ ಕೆಳದರ್ಜೆಯ ಅದಿರನ್ನು ಅರೆದು, ಕಬ್ಬಿಣದ ಅಂಶವನ್ನು ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ, ಉಳಿದ ಪುಡಿಯನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಲಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಎರಡೂ ಕಡೆ ಅದಿರು, ಅನ್ನ, ನೀರು, ಕಾಡು ಒಂದೇ ಹಗ್ಗದಲ್ಲಿ ಹೆಣೆದುಕೊಂಡಿದ್ದವು. ಒಂದನ್ನು ಬಿಡಿಸಿ ಇನ್ನೊಂದನ್ನು ಉಳಿಸುವುದು ಸುಲಭವಾಗಿರಲಿಲ್ಲ.

ದಾರಿಯ ತುದಿಯಲ್ಲಿರುವುದು ಒಜಿಬ್ವೆ ಜನರ ಮೀಸಲು ನೆಲವಾದ ಗ್ರ್ಯಾಂಡ್ ಪೋರ್ಟೇಜ್. ಪಿಜನ್ ನದಿಯ ಜಲಪಾತಗಳನ್ನು ತಪ್ಪಿಸಲು ಇಲ್ಲಿ ದೋಣಿ, ಸರಕುಗಳನ್ನು ಹೊತ್ತು ಸುಮಾರು 13.7 ಕಿ.ಮೀ. ನಡೆಯಬೇಕಿತ್ತು. ಒಜಿಬ್ವೆ ಜನ ತುಳಿದ ಆ ಕಾಲುದಾರಿಯನ್ನೇ 18ನೇ ಶತಮಾನದ ತುಪ್ಪಳದ ವ್ಯಾಪಾರಿಗಳು ಬಳಸಿದರು. ಒಬ್ಬೊಬ್ಬ ಹಮಾಲಿ 41 ಕಿಲೋ ತೂಕದ ಎರಡೆರಡು ಮೂಟೆ ಹೊರುತ್ತಿದ್ದ. ಯೂರೋಪಿನ ಗಂಡಸರ ಟೋಪಿಗಳಿಗೆ ಬೀವರ್ ಎಂಬ ಪ್ರಾಣಿಯ ತುಪ್ಪಳ ಬೇಕಿತ್ತು, ಅದಕ್ಕಾಗಿ ಇಷ್ಟೆಲ್ಲ. ಒಜಿಬ್ವೆ ಸಮುದಾಯ ದಾನವಾಗಿ ಕೊಟ್ಟ ನೆಲದಲ್ಲಿ 1960ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. 1999ರಿಂದ ಆ ಸಮುದಾಯವೂ ಅದರ ಆಡಳಿತದಲ್ಲಿ ಪಾಲುದಾರ.

ಇಲ್ಲಿಯೇ, ಸರೋವರದ ಅಂಚಿನ ಬರಿ ಬಂಡೆಯ ಮೇಲೆ ಮುನ್ನೂರು ವರ್ಷಕ್ಕೂ ಮೀರಿದ ಒಂದು ಸೀಡರ್ ಮರವಿದೆ. ಆಳಿಗಿಂತ ಹೆಚ್ಚು ಎತ್ತರವೇನಿಲ್ಲ, ಗಾಳಿಗೆ ತಿರುಚಿಕೊಂಡ ಮೈ. ಒಜಿಬ್ವೆ ಜನರಿಗೆ ಅದು ದೈವ ನೆಲೆಸಿರುವ ಮರ. ಸರೋವರಕ್ಕೆ ಇಳಿಯುವ ಮೊದಲು ಅದರ ಬುಡದಲ್ಲಿ ಹೊಗೆಸೊಪ್ಪು ಅರ್ಪಿಸುವುದು ಪದ್ಧತಿ. ಪ್ರವಾಸಿಗರ ಕಾಟ ಹೆಚ್ಚಿದ್ದರಿಂದ, ಆ ಜನರ ಮಾರ್ಗದರ್ಶಕರಿಲ್ಲದೆ ಈಗ ಅಲ್ಲಿಗೆ ಯಾರೂ ಹೋಗುವಂತಿಲ್ಲ.

ನಾವೂ ಹೋಗಲಿಲ್ಲ. ಮರಳಿ ಬರುವಾಗ ತಮ್ಮನ ಮಗಳಿಗೆ, ನೀನು ನೋಡಿದ ಮರಗಳಲ್ಲಿ ಹೆಚ್ಚಿನವು ನಿನ್ನ ಮುತ್ತಜ್ಜನ ವಯಸ್ಸಿನವು, ಅದಕ್ಕಿಂತ ಹಳೆಯದೊಂದು ಮರ ಇಲ್ಲೇ ಹತ್ತಿರದಲ್ಲಿದೆ, ಆದರೆ ನಾವು ನೋಡುವಂತಿಲ್ಲ ಎಂದೆ. “ಯಾಕೆ?” ಎಂದಳು. “ಬಿಟ್ಟದ್ದರಿಂದಲೇ ಅದು ಉಳಿದಿದೆ” ಎಂದ ಅವಳ ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ.