ಆ ಫೋಟೋ ಟಾಂಗೈಲ್‌ನದಲ್ಲ, ಸ್ವಾಮಿ

ಬಾಂಗ್ಲಾ ಯುದ್ಧದ ವಿಜಯ ದಿನವಾದ ಡಿಸೆಂಬರ್ 16 ಹತ್ತಿರ ಬಂತೆಂದರೆ ಶಿರಾಳಕೊಪ್ಪದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ಫೋಟೋ ತಪ್ಪದೆ ಹಾಜರು. ಆಕಾಶದ ತುಂಬ ಪ್ಯಾರಾಚೂಟುಗಳು, ಕೆಳಗೆ ಒಕ್ಕಣೆ: '1971ರಲ್ಲಿ ಟಾಂಗೈಲ್‌ನಲ್ಲಿ ಧುಮುಕಿದ ನಮ್ಮ 5,000 ಯೋಧರು.' ಇದು ತಪ್ಪು ಅಂದರೆ ಸಾಕು, 'ಏನ್ರೀ, ಸೈನ್ಯದ ಮೇಲೇ ಅನುಮಾನವಾ?' ಎಂದು ಮೈಮೇಲೆ ಬರುತ್ತಾರೆ.

ಅನುಮಾನ ಸೈನ್ಯದ ಮೇಲಲ್ಲ, ಒಕ್ಕಣೆ ಬರೆದವನ ಮೇಲೆ. 1971ರ ಡಿಸೆಂಬರ್ 11ರ ಸಂಜೆ ಇಂದಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿದದ್ದು ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ 2 ಪ್ಯಾರಾ, ಒಂದೇ ಒಂದು ಬೆಟಾಲಿಯನ್. ಜೊತೆಗಿದ್ದ ಫಿರಂಗಿಯವರು, ಇಂಜಿನಿಯರುಗಳು, ವೈದ್ಯರೆಲ್ಲ ಸೇರಿದರೂ 700ರ ಆಸುಪಾಸು. ಹಾಗಾದರೆ 5,000 ಎಲ್ಲಿಂದ ಬಂತು? ಇಳಿದ ಫೋಟೋ ಕೈಯಲ್ಲಿರಲಿಲ್ಲ. ಸೇನೆಯ ಸಾರ್ವಜನಿಕ ಸಂಪರ್ಕ ಅಧಿಕಾರಿ ರಾಮಮೋಹನ ರಾವ್ ಇಡೀ ಪ್ಯಾರಾ ಬ್ರಿಗೇಡಿನ ಹಳೆಯ ಅಭ್ಯಾಸವೊಂದರ ಚಿತ್ರ ತೆಗೆದು ಪತ್ರಿಕೆಗಳಿಗೆ ಕೊಟ್ಟರು. ಇದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಚಿತ್ರ ನೋಡಿದವರು ಬ್ರಿಗೇಡೇ ಇಳಿದಿದೆ ಎಂದುಕೊಂಡರು, ವಿದೇಶಿ ಪತ್ರಿಕೆಗಳ ಲೆಕ್ಕ 5,000ಕ್ಕೆ ಏರಿತು, ಢಾಕಾದಲ್ಲಿ ಕೂತಿದ್ದ ಪಾಕಿಸ್ತಾನಿ ಸೇನಾಪತಿ ಜನರಲ್ ನಿಯಾಜಿಯ ಎದೆ ಇನ್ನಷ್ಟು ಕುಸಿಯಿತು. ಶತ್ರುವಿಗೆಂದು ಬೀಸಿದ ಬಲೆ ಅದು. ಗೆದ್ದವರ ಮೊಮ್ಮಕ್ಕಳು ಇವತ್ತಿಗೂ ಅದರಲ್ಲೇ ಬಿದ್ದು ಹೆಮ್ಮೆಪಡುತ್ತಿದ್ದಾರೆ!

700 ಅಂದಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ. ಇಳಿದವರು ಬರೆದಿಟ್ಟದ್ದನ್ನು, ಹೇಳಿದ್ದನ್ನು ಓದಬೇಕು. ಚಳಿಗಾಲದ ಮುಸ್ಸಂಜೆ, ಗದ್ದೆ, ಕೆರೆಕುಂಟೆ. ಜನ ಒಂದು ಕಡೆ, ಸಾಮಾನು ಇನ್ನೊಂದು ಕಡೆ ಬಿದ್ದಿವೆ. ಊರಿನವರು 'ಜೊಯ್ ಬಾಂಗ್ಲಾ' ಎಂದು ಕೂಗುತ್ತ ಓಡಿಬಂದು ಮದ್ದುಗುಂಡಿನ ಪೆಟ್ಟಿಗೆಗಳಿಗೆ ಹೆಗಲು ಕೊಟ್ಟರು. ಇದಕ್ಕೆ ಮೊದಲೇ ಕ್ಯಾಪ್ಟನ್ ಪಿ.ಕೆ. ಘೋಷ್ ಗುಟ್ಟಾಗಿ ಒಳಹೊಕ್ಕು ಕಾದೇರ್ ಸಿದ್ದಿಕಿಯ ಮುಕ್ತಿವಾಹಿನಿ ಯೋಧರ ಜೊತೆ ಮಾತು ಕುದುರಿಸಿದ್ದರು. ಕತ್ತಲಾಗುತ್ತಿದ್ದಂತೆ ಲೋಹಜಂಗ್ ನದಿಯ ಪೂಂಗ್ಲಿ ಸೇತುವೆ ನಮ್ಮವರ ಕೈಗೆ ಬಂತು. ಉತ್ತರದಿಂದ ಢಾಕಾಕ್ಕೆ ಹಿಂದೆಗೆಯುತ್ತಿದ್ದ ಪಾಕಿಸ್ತಾನದ 93ನೇ ಬ್ರಿಗೇಡಿನ ಒಂದು ಭಾಗ ಅಷ್ಟರಲ್ಲಿ ದಾಟಿಹೋಗಿತ್ತು, ಅದೂ ನಿಜ. ಹಿಂದೆ ಉಳಿದವರು ರಾತ್ರಿಯೆಲ್ಲ ಸೇತುವೆಗಾಗಿ ಮತ್ತೆ ಮತ್ತೆ ಮೇಲೆ ಬಿದ್ದರು. ಮರುದಿನ ನೆಲದ ದಾರಿಯಲ್ಲಿ ಬಂದು ಕೂಡಿಕೊಂಡದ್ದು 1 ಮರಾಠಾ, ನಮ್ಮ ಬೆಳಗಾವಿಯ ರೆಜಿಮೆಂಟು. 2 ಪ್ಯಾರಾ ಕೂಡ ಮೂಲದಲ್ಲಿ ಅದೇ ಮರಾಠಾ ಮನೆಯದು. ಈ ಸಂಗತಿಯನ್ನು ಫಾರ್ವರ್ಡ್ ಮಾಡಿದವರನ್ನು ನಾನಂತೂ ಕಂಡಿಲ್ಲ.

ಸಿನಿಮಾದ ಕೃಪೆಯಿಂದ ಬಂದ ಸುಳ್ಳುಗಳು ಬೇರೆ ಇವೆ. ನಾಯಕ ಗಾಳಿಯಲ್ಲಿ ತೇಲುತ್ತಲೇ ಗುಂಡು ಹಾರಿಸಿ ಹತ್ತು ಜನರನ್ನು ಉರುಳಿಸುತ್ತಾನೆ, ನೆಲ ಇನ್ನೇನು ಬಂತು ಅನ್ನುವಾಗ ಉಂಗುರ ಎಳೆಯುತ್ತಾನೆ. ಸಾಮೂಹಿಕವಾಗಿ ಇಳಿಯುವ ಸೈನಿಕ ಏನನ್ನೂ ಎಳೆಯುವುದಿಲ್ಲ. ವಿಮಾನದೊಳಗಿನ ತಂತಿಗೆ ಸಿಕ್ಕಿಸಿದ ಪಟ್ಟಿಯೇ ಕೊಡೆಯನ್ನು ಬಿಚ್ಚುತ್ತದೆ. ಹಾರುವುದು ಸಾವಿರ ಅಡಿಯ ಆಸುಪಾಸಿನಿಂದ. ಆಟವಾಡಲು ಪುರುಸೊತ್ತೆಲ್ಲಿ? ಪ್ಯಾರಾದವರು ಆಕಾಶದಿಂದಲೇ ಯುದ್ಧಕ್ಕೆ ಬರುತ್ತಾರೆ ಅನ್ನುವವರಿಗೆ ಮಣಿಪುರದ 1944ರ ಸಾಂಗ್‌ಶಾಕ್ ಕದನ ಸಾಕು. ಅಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಜಪಾನೀಯರನ್ನು ತಡೆದದ್ದು ಕಂದಕದಲ್ಲಿ ನಿಂತು.

ಶುಂಠಿ ದರ ಕೇಳಲು ಮೂರು ಮಂಡಿಗೆ ಫೋನ್ ಮಾಡುವ ಜನ ನಾವು. ಯುದ್ಧದ ವಿಷಯಕ್ಕೆ ಬಂದರೆ ಮಾತ್ರ ಮೊದಲ ಮೆಸೇಜೇ ವೇದವಾಕ್ಯ. ಇತ್ತೀಚೆಗೆ ಗೂರ್ಖಾ ಕಥೆಯೂ ಹೊಸ ಬಟ್ಟೆ ತೊಟ್ಟು ಬಂದಿದೆ: ವಿಮಾನದಿಂದ ಹಾರಲು ಹೇಳಿದಾಗ 'ಸ್ವಲ್ಪ ಕೆಳಗೆ ಹಾರಿಸಿ' ಎಂದರಂತೆ, ಪ್ಯಾರಾಚೂಟ್ ಕೊಡುತ್ತಾರೆಂದು ಗೊತ್ತಿರಲಿಲ್ಲವಂತೆ. ಹೇಳುವವರು ಬದಲಾದಂತೆ ಯುದ್ಧವೂ ದೇಶವೂ ಬದಲಾಗುತ್ತವೆ. ಗೂರ್ಖಾ ಪ್ಯಾರಾಚೂಟ್ ಬೆಟಾಲಿಯನ್ನನ್ನು 1941ರಲ್ಲೇ ಕಟ್ಟಲಾಗಿತ್ತು. 1945ರ ಮೇ 1ರಂದು ರಂಗೂನಿನ ಬಳಿ ಎಲಿಫೆಂಟ್ ಪಾಯಿಂಟ್ ಕಾರ್ಯಾಚರಣೆಗೆ ಹಾರಿದ ಗೂರ್ಖಾಗಳಿಗೆ ಬೆನ್ನ ಮೇಲೆ ಏನಿದೆ ಎಂದು ಚೆನ್ನಾಗಿಯೇ ಗೊತ್ತಿತ್ತು.