ಹಿಡಕಲ್‌ನಿಂದ ಗೋಕಾಕಕ್ಕೆ, ಘಟಪ್ರಭೆಯ ಜೊತೆ

ಮಳೆಗಾಲದಲ್ಲಿ ಬೆಳಗಾವಿ ಜಿಲ್ಲೆಯ ಜನ ಪತ್ರಿಕೆ ಬಿಡಿಸಿದರೆ ಮೊದಲು ಹುಡುಕುವುದು ಎರಡು ಅಂಕಿಗಳನ್ನು: ಹಿಡಕಲ್ ಜಲಾಶಯದ ಒಳಹರಿವು ಮತ್ತು ಹೊರಹರಿವು. ಕಾಲುವೆ ನೀರು ನೆಚ್ಚಿದ ರೈತರಿಗೆ ಮೊದಲನೆಯದು ಸಮಾಧಾನ ತರುತ್ತದೆ. ನದಿದಂಡೆಯವರು ಎರಡನೆಯದನ್ನು ನೋಡಿ ದನಕರುಗಳನ್ನು, ಪಂಪ್‌ಸೆಟ್‌ಗಳನ್ನು ಮೇಲೆ ಸಾಗಿಸುವ ಯೋಚನೆ ಮಾಡುತ್ತಾರೆ. ಗೋಕಾಕ ಜಲಪಾತ ನೋಡಲು ಹೊರಟವರಿಗೂ ಬೇಕಾದದ್ದು ಆ ಎರಡನೇ ಅಂಕಿಯೇ.

ಗೋಕಾಕದ ಜಲಪಾತ ಆಕಾಶದ ಮಳೆಯನ್ನಷ್ಟೇ ನಂಬಿಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಘಟಪ್ರಭೆಯನ್ನು ಧುಮುಕುವ ಮುನ್ನ ಎರಡು ಕಡೆ ತಡೆಯಲಾಗಿದೆ. ಒಂದು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ, ಇನ್ನೊಂದು ಧೂಪದಾಳದಲ್ಲಿ. ಹೀಗಾಗಿ ನದಿಯ ಜಾಡಿನಲ್ಲೇ ಮೇಲಿನಿಂದ ಕೆಳಕ್ಕೆ ಬಂದರೆ ಜಲಪಾತದ ಕಥೆ ಪೂರ್ತಿ ತಿಳಿಯುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು.

ಹಿಡಕಲ್ ಜಲಾಶಯದ ಅಧಿಕೃತ ಹೆಸರು ರಾಜಾ ಲಖಮಗೌಡ ಜಲಾಶಯ. 1977ರಲ್ಲಿ ಪೂರ್ಣಗೊಂಡ ಇದರ ಸಾಮರ್ಥ್ಯ ಸುಮಾರು 51 ಟಿಎಂಸಿ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ಕಾಲುವೆ ನೀರು ಕೊಡುವುದು ಇದೇ. ಜಲಾಶಯ ತುಂಬುವ ತನಕ ನೀರನ್ನು ಹಿಡಿದಿಡುವುದೇ ಮುಖ್ಯ. ಹೀಗಾಗಿ ಮುಂಗಾರಿನ ಆರಂಭದಲ್ಲಿ ಎಷ್ಟೇ ಮಳೆ ಸುರಿದರೂ ಇಲ್ಲಿಂದ ನದಿಗೆ ಹೆಚ್ಚು ನೀರು ಇಳಿಯುವುದಿಲ್ಲ. ತುಂಬಿದ ಮೇಲೆ ಕ್ರೆಸ್ಟ್ ಗೇಟುಗಳು ಏಳುತ್ತವೆ, ಅಲ್ಲಿಂದ ಕೆಳಗಿನ ನದಿಯ ಚಹರೆಯೇ ಬದಲಾಗುತ್ತದೆ.

ಧೂಪದಾಳದ್ದು ಬೇರೆಯೇ ಕಾಲದ ಕಟ್ಟಡ. ಬ್ರಿಟಿಷರ ಆಳ್ವಿಕೆಯಲ್ಲಿ ಇಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆ ತೋಡಿದರು. 1897ರಲ್ಲಿ ಆ ಕೆಲಸ ಮುಗಿಯಿತು. ಹಿಡಕಲ್‌ನಂತೆ ವರ್ಷಕ್ಕಾಗುವಷ್ಟು ನೀರು ಕೂಡಿಡುವುದು ಇದರ ಉದ್ದೇಶವಲ್ಲ. ನದಿಯ ಮಟ್ಟವನ್ನು ತುಸು ಎತ್ತರಿಸಿ ಕಾಲುವೆಯತ್ತ ತಿರುಗಿಸುವುದು, ಮಿಕ್ಕ ನೀರನ್ನು ಮುಂದಕ್ಕೆ ಬಿಡುವುದು ಇದರ ಕೆಲಸ. ಮಹಾರಾಷ್ಟ್ರದ ಕಡೆಯಿಂದ ಬರುವ ಹಿರಣ್ಯಕೇಶಿ ಘಟಪ್ರಭೆಯನ್ನು ಸೇರುವುದೂ ಹಿಡಕಲ್‌ನಿಂದ ಕೆಳಗೆ, ಇದೇ ಆಸುಪಾಸಿನಲ್ಲಿ. ಹಾಗಾಗಿ ಹಿಡಕಲ್‌ನ ಗೇಟು ಮುಚ್ಚಿದ್ದರೂ ಹಿರಣ್ಯಕೇಶಿಗೆ ನೆರೆ ಬಂದರೆ ಗೋಕಾಕದಲ್ಲಿ ನೀರು ಏರುತ್ತದೆ. ಒಡ್ಡಿನ ಹಿನ್ನೀರಿನ ಪ್ರದೇಶ 1974ರಿಂದ ಘಟಪ್ರಭಾ ಪಕ್ಷಿಧಾಮವೂ ಹೌದು. ಆದರೆ ವಲಸೆ ಹಕ್ಕಿಗಳನ್ನು ನೋಡಬೇಕೆಂದರೆ ಚಳಿಗಾಲಕ್ಕೇ ಬರಬೇಕು.

ಗೋಕಾಕ ಪಟ್ಟಣದಿಂದ ಸುಮಾರು 6 ಕಿ.ಮೀ. ದೂರದಲ್ಲಿ ನದಿ ಕುದುರೆ ಲಾಳದ ಆಕಾರದ ಮರಳುಗಲ್ಲಿನ ಅಂಚಿಗೆ ಬಂದು 52 ಮೀಟರ್ ಕೆಳಕ್ಕೆ ಬೀಳುತ್ತದೆ. ಬೇಸಿಗೆಯಲ್ಲಿ ಇಲ್ಲಿ ಬಂಡೆಗಳದ್ದೇ ರಾಜ್ಯ: ಪದರ ಪದರವಾಗಿ ಜೋಡಿಸಿಟ್ಟಂಥ ಕಲ್ಲು, ನಡುನಡುವೆ ಹೊಂಡ, ಅಂಚಿನಲ್ಲಿ ಒಂದೆರಡು ಎಳೆ ನೀರು. ಹೊರಹರಿವು ಹೆಚ್ಚಿದ ದಿನ ಆ ಬಂಡೆಗಳಲ್ಲಿ ಒಂದೂ ಕಾಣಿಸುವುದಿಲ್ಲ. ಗಟ್ಟಿ ಚಹಾದ ಬಣ್ಣದ ಹೊಸನೀರು ಲಾಳದ ಉದ್ದಕ್ಕೂ ಒಮ್ಮೆಲೇ ಉರುಳುತ್ತದೆ. ತಳದಿಂದ ಎದ್ದ ತುಂತುರು ಗಾಳಿ ತಿರುಗಿದಾಗಲೆಲ್ಲ ದಂಡೆಯ ಮೇಲಿದ್ದವರನ್ನು ತೋಯಿಸುತ್ತದೆ. ಪಕ್ಕದಲ್ಲಿದ್ದವರ ಮಾತು ಕೇಳಬೇಕಾದರೂ ಕಿವಿಗೊಡಬೇಕು.

ಅಂಚಿನಿಂದ ಸ್ವಲ್ಪ ಮೇಲೆ, ಎರಡು ದಡಗಳ ನಡುವೆ ಸುಮಾರು 200 ಮೀಟರ್ ಉದ್ದದ ಹಳೆಯ ತೂಗುಸೇತುವೆಯಿದೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ. ಅದರ ಹತ್ತಿರದಲ್ಲೇ 19ನೇ ಶತಮಾನದ ಹತ್ತಿ ಗಿರಣಿ. ಗಿರಣಿ ಇಲ್ಲಿ ನೆಲೆಯೂರಲು ಕಾರಣವೇ ಈ ಧುಮುಕುವ ನೀರಿನ ಬಲ. 1887ರಲ್ಲೇ ಇಲ್ಲಿ ವಿದ್ಯುತ್ ತಯಾರಾಯಿತು ಎಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಶಿವನಸಮುದ್ರದ ವಿದ್ಯುದಾಗಾರ ಶುರುವಾದದ್ದು 1902ರಲ್ಲಿ ಎಂಬುದನ್ನು ನೆನೆದರೆ ಆ ಹೆಮ್ಮೆ ಅರ್ಥವಾಗುತ್ತದೆ.

ಇನ್ನೂ ಹೊತ್ತಿದ್ದರೆ ಗೊಡಚಿನಮಲ್ಕಿಗೆ ಹೋಗಬಹುದು. ಅಲ್ಲಿ ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಜಿಗಿಯುತ್ತದೆ. ಗೋಕಾಕದಷ್ಟು ಎತ್ತರವಿಲ್ಲ, ಆದರೆ ಕುರುಚಲು ಕಾಡಿನ ಕಣಿವೆಯಲ್ಲಿ ಅದರ ಸೊಬಗೇ ಬೇರೆ.

ಪ್ರವಾಸಿಗೆ ವೈಭವವಾಗಿ ಕಾಣುವ ನೀರು ಕೆಳಗಿನ ಊರುಗಳಿಗೆ ಸಂಕಟವೂ ಆಗಬಲ್ಲದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪಟ್ಟಣಕ್ಕೇ ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು, ಮನೆಗಳು ಕುಸಿದವು. ಗೇಟು ತೆರೆದಾಗ ನದಿಯ ಮಟ್ಟ ಏರಲು ಸ್ಥಳದಲ್ಲಿ ಮಳೆಯೇ ಬೀಳಬೇಕೆಂದಿಲ್ಲ, ಬಿಸಿಲಿರುವಾಗಲೂ ಏರಬಹುದು. ಆದ್ದರಿಂದ ಪಾಚಿ ಕಟ್ಟಿದ ಬಂಡೆಯ ಅಂಚಿಗೆ ಸೆಲ್ಫಿಗೆಂದು ಇಳಿಯುವುದು ಬೇಡವೇ ಬೇಡ. ತೂಗುಸೇತುವೆಗೆ ಪ್ರವೇಶ ನಿರ್ಬಂಧಿಸಿದ್ದರೆ ಕಾವಲಿನವರ ಜೊತೆ ವಾದಕ್ಕಿಳಿಯದೆ ದಂಡೆಯಿಂದಲೇ ನೋಡಬೇಕು. ರೈಲಿನಲ್ಲಿ ಬರುವವರು ಬೆಳಗಾವಿ–ಮೀರಜ್ ಮಾರ್ಗದ ಘಟಪ್ರಭಾ ನಿಲ್ದಾಣದಲ್ಲಿ ಇಳಿದರೆ ಧೂಪದಾಳ ಹತ್ತಿರ. ಮರಳುವಾಗ ಗೋಕಾಕ ಪೇಟೆಯಲ್ಲಿ ಕರದಂಟು ಕಟ್ಟಿಸಿಕೊಳ್ಳಲು ಅರ್ಧ ಗಂಟೆ ಮಿಗಿಸಿಕೊಂಡಿರಬೇಕು.